ಖುದ್ದಾಗಿ ಮೂಸಿ ನೋಡಿದ್ದೇನೆ

ಜನವರಿ 12

ಮಗಳೇ,

ಇತ್ತ ಎಲ್ಲ ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡಬೇಕಲ್ಲವೇ, ಮಾಡಿದ್ದೇನೆ ಎಂದುಕೋ. ನಿನ್ನ ಬೆಟ್ಟಕ್ಕೆ ಫೋನು ಹತ್ತುವುದಿಲ್ಲ. ಹವಾಮಾನದ ಅಂಕಿ ಕಳಿಸುವ ರೇಡಿಯೋದಲ್ಲಿ ಅಪ್ಪನ ಗೋಳು ಕೂರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಸಾಮಾನಿನ ಗಾಡಿ ಬೆಟ್ಟ ಹತ್ತುವಾಗ ಈ ಕಾಗದವೂ ಹತ್ತಲಿ.

ಬರೆಯುವುದಕ್ಕೆ ಈ ಕಟ್ಟಡ ಬಿಟ್ಟು ನನ್ನ ಹತ್ತಿರ ಬೇರೇನಿದೆ? ನಾಲ್ಕು ಮಹಡಿ, ಹದಿನಾರು ಬಾಡಿಗೆ ಮನೆ, ನೆಲಮಹಡಿಯಲ್ಲಿ ಮ್ಯಾನೇಜರ್ ಅನ್ನಿಸಿಕೊಂಡ ನಾನು. ಲಿಫ್ಟು ಮೊದಲಿನಂತೆಯೇ ಮೂರನೇ ಮಹಡಿಯಲ್ಲಿ ನಿಂತು, ಸ್ವಲ್ಪ ಯೋಚನೆ ಮಾಡಿ, ಆಮೇಲೆ ಹೊರಡುತ್ತದೆ. ನಿನ್ನ ಅಮ್ಮ ಹೋಗಿ ಹದಿನಾಲ್ಕು ತಿಂಗಳಾಯಿತು. ದಿನಗಳು ಸಾಗುತ್ತಿವೆ, ನಾನೇನೂ ತಳ್ಳುತ್ತಿಲ್ಲ.

ಈಗಿನ ಹೊಸ ತಲೆನೋವು ಗಾಂಜಾ. ಎರಡನೇ ಮಹಡಿಯ ಮೆಟ್ಟಿಲ ಹತ್ತಿರ ಗಾಂಜಾ ಹೊಗೆಯ ವಾಸನೆ ಎಂದು ದೂರಿನ ಪುಸ್ತಕ ತುಂಬುತ್ತಿದೆ. ರಿಟೈರಾದ ಟೀಚರಮ್ಮ ಅಂಚು ಬಿಟ್ಟು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ನಾಲ್ಕು ಸಲ ಬರೆದಿದ್ದಾರೆ. ನಿನ್ನೆ ನನ್ನನ್ನೇ ತಡೆದು ನಿಲ್ಲಿಸಿಕೊಂಡು, "ನನ್ನೆದುರು ಮನೆ ಬಾಗಿಲ ಸಂದಿಯಿಂದಾನೇ ಬರ್ತಿದೆ ಕಣ್ರೀ. ನಿಮ್ಮ ಮೂಗೇನು ಊರಿಗೆ ಹೋಗಿದ್ಯಾ?" ಎಂದರು. ಮೊದಲನೇ ಮಹಡಿಯ ಕನ್ನಡಕದ ಅಂಗಡಿಯವನು, ಅದೇ, ಆರು ತಿಂಗಳ ಕೂಸು ಇರುವ ಮನೆ, ಅವನೂ ದೂರು ಕೊಟ್ಟಿದ್ದಾನೆ. ಮಗುವಿಗೆ ಕೆಮ್ಮು ಬರುತ್ತಿದೆಯಂತೆ.

ಟೀಚರಮ್ಮನ ಎದುರು ಮನೆಯಲ್ಲಿ ಇರುವವನು ಸಿಟಿ ಬಸ್ಸಿನ ಡ್ರೈವರ್. ಒಂಟಿ ಜೀವ, ಐವತ್ತರ ಹತ್ತಿರ ವಯಸ್ಸು, ಪಾಳಿಯ ಕೆಲಸ, ಯಾರ ಜೊತೆಗೂ ಮಾತಿಲ್ಲ. ತಮಾಷೆಯೆಂದರೆ ಎಲ್ಲರಿಗಿಂತ ಮೊದಲು ದೂರು ಕೊಟ್ಟವನು ಅವನೇ. ಕಳೆದ ನವೆಂಬರಿನಲ್ಲಿ ಬಂದು, "ಬಚ್ಚಲುಮನೆಗೆ ಎಲ್ಲಿಂದಲೋ ಕೆಟ್ಟ ಹೊಗೆ ನುಗ್ತಿದೆ, ಫ್ಯಾನಿನ ಹಿಂದಿನ ಮುಚ್ಚಳ ಮುರಿದಿದೆ, ಹಾಕಿಸಿಕೊಡಿ" ಎಂದಿದ್ದ. ನಾನು ಹೋಗಿ ಪದ್ಧತಿಯಂತೆ ಬಾಗಿಲು ಹಾಕಿಕೊಂಡು, ಇಪ್ಪತ್ತು ಎಣಿಸಿ, ಎರಡು ಸಲ ಉಸಿರೆಳೆದು ನೋಡಿದೆ. ಪುಸ್ತಕದಲ್ಲಿ "ವಾಸನೆ ಕಂಡುಬಂದಿಲ್ಲ" ಎಂದು ಬರೆದೆ. ಮುಚ್ಚಳದ ವಿಷಯ ಮರೆತುಹೋಯಿತು.

ಮಾಲೀಕರು ವರದಿ ಕೇಳಿದ್ದಾರೆ. ನೋಡೋಣ.

ಚಳಿಗೆ ಕಿವಿ ಮುಚ್ಚಿಕೋ.

ಅಪ್ಪ


ಜನವರಿ 29

ಅಪ್ಪಾ,

ಕಿವಿ ಮುಚ್ಚಿಕೊಂಡಿದ್ದೇನೆ. ಇಲ್ಲಿ ನಾನು, ಅಡುಗೆಯವನು ಮತ್ತು ಗಾಳಿ. ಮೂವರಲ್ಲಿ ಗಾಳಿಯೇ ಹೆಚ್ಚು ಮಾತಾಡುತ್ತದೆ. ಮೂರು ಗಂಟೆಗೊಮ್ಮೆ ಹೊರಗೆ ಹೋಗಿ ಉಷ್ಣತೆ, ತೇವ, ಗಾಳಿಯ ದಿಕ್ಕು ಬರೆದುಕೊಂಡು ಬರುತ್ತೇನೆ. ದಿನಕ್ಕೆ ಎಂಟು ಸಲ. ಅದೊಂದಿದೆ ಎಂದು ಹಾಸಿಗೆಯಿಂದ ಏಳುತ್ತೇನೆ.

ನಿನ್ನ ಗಾಂಜಾ ಪುರಾಣ ಓದಿದೆ. ಒಂದು ವಿಷಯ ತಲೆಗೆ ಹೋಗಲಿಲ್ಲ. ಟೀಚರಮ್ಮನಿಗೆ ತಲೆ ತಿರುಗುವಷ್ಟು ವಾಸನೆ, ಕೆಳಗಿನ ಮಗುವಿಗೆ ಕೆಮ್ಮು ಬರುವಷ್ಟು ವಾಸನೆ, ಡ್ರೈವರ್ ತಾನಾಗಿಯೇ ಬಂದು ದೂರುವಷ್ಟು ವಾಸನೆ. ನಿನಗೊಬ್ಬನಿಗೆ ಇಲ್ಲ. ಎರಡು ಬೀದಿ ಆಚೆ ಯಾರ ಮನೆಯಲ್ಲಿ ಏನು ಕರಿಯುತ್ತಿದ್ದಾರೆ ಎಂದು ನೀನು ಕಿಟಕಿಯಲ್ಲಿ ನಿಂತು ಅಮ್ಮನಿಗೆ ಹೇಳುತ್ತಿದ್ದವನು. ನೆಗಡಿಯಾ?

ಇನ್ನೊಂದು. ಗಾಂಜಾ ಸೇದುವವನು ತಾನೇ ಬಂದು ಹೊಗೆ ಬರುತ್ತಿದೆ ಎಂದು ದೂರು ಕೊಡುತ್ತಾನಾ? ಕೊಟ್ಟರೂ ಕೊಟ್ಟಾನು, ಮನುಷ್ಯರ ಬಗ್ಗೆ ನಾನು ಏನು ಹೇಳಲಿ, ನೋಡಿಯೇ ಎಷ್ಟು ದಿನವಾಯಿತು. ಆದರೆ ಒಂದು ಮಾತು. ಮೊದಲ ದಿನ ನಮಗೆ ಇಲ್ಲಿ ಕಲಿಸಿದ್ದು ಇಷ್ಟೇ: ನೀನು ಹೋಗಿ ನೋಡದ ಅಂಕಿಯನ್ನು ಬರೆಯಬೇಡ. ಮಂಜಿಗೋ ಜ್ವರಕ್ಕೋ ತಪ್ಪಿಹೋಯಿತೆಂದರೆ ಅಲ್ಲೊಂದು ಗೆರೆ ಎಳೆದು ಬಿಡು. ಗೆರೆ ಎಳೆದವರನ್ನು ಯಾರೂ ಬಯ್ಯುವುದಿಲ್ಲ. ವರದಿ ಬರೆಯುವಾಗ ನೆನಪಿಟ್ಟುಕೋ.

ಊಟ ಸರಿಯಾಗಿ ಮಾಡು. ಏನು ಮಾಡುತ್ತೀ ಎಂದು ಕೇಳಿದರೆ ನೀನು ಬರೆಯುವುದಿಲ್ಲ, ಆದ್ದರಿಂದ ಕೇಳುತ್ತಿಲ್ಲ.

ನಿನ್ನ ಮಗಳು


ಫೆಬ್ರವರಿ 17

ಮಗಳೇ,

ನಿನ್ನ ಕಾಗದ ಬರುವ ಹೊತ್ತಿಗೆ ವರದಿ ಹೋಗಿಯಾಗಿತ್ತು.

ಮಾಲೀಕರು ಒಂದು ಸೋಮವಾರ ಬೆಳಿಗ್ಗೆ ಬಂದು ನನ್ನ ಮೇಜಿನೆದುರು ಕೂತರು. ಟೀಚರಮ್ಮ ಬಂದರು, ಕನ್ನಡಕದವನು ಬಂದ. ಎಲ್ಲರೂ ಸೇರಿ ಡ್ರೈವರನ ಬಾಗಿಲಿಗೆ ಹೋದೆವು. ಅವನು ಪಾಳಿಗೆ ಹೋಗಿದ್ದ. ಟೀಚರಮ್ಮ ಸೆರಗಿನಿಂದ ಮೂಗು ಮುಚ್ಚಿದರು. ಮಾಲೀಕರು ಮುಖ ಹಿಂಡಿ, "ಅಬ್ಬಾ! ಏನ್ರೀ ಇದು, ನಿಮಗೆ ಬರ್ತಿಲ್ವಾ?" ಎಂದರು. ಎಲ್ಲರೂ ನನ್ನ ಕಡೆ ನೋಡಿದರು.

"ಬರ್ತಿದೆ ಸಾರ್" ಎಂದೆ.

ಕೆಳಗೆ ಬಂದು ಬರೆದೆ. "ಎರಡನೇ ಮಹಡಿಯ ಸದರಿ ಮನೆಯಿಂದ ಗಾಂಜಾ ಹೊಗೆ ಬರುತ್ತಿರುವುದನ್ನು ನಾನು ಖುದ್ದಾಗಿ ಮೂಸಿ ನೋಡಿದ್ದೇನೆ." ಸಹಿ, ಮುದ್ರೆ. ಮನೆ ಖಾಲಿ ಮಾಡಿಸುವುದಕ್ಕೆ ಎಂದುಕೊಂಡಿದ್ದೆ. ಮಾಲೀಕರು ಅದರ ಒಂದು ಪ್ರತಿಯನ್ನು ಬಸ್ ಡಿಪೋಗೂ ಕಳಿಸಿಬಿಟ್ಟರು. ಗಾಂಜಾ ಸೇದುವವನು ನೂರಾರು ಜನರನ್ನು ಕೂರಿಸಿಕೊಂಡು ಓಡಿಸುತ್ತಾನೆ ಎಂದರೆ ನಾಳೆ ಯಾರ ತಲೆಗೆ ಬರುತ್ತೆ ಎನ್ನುವುದು ಅವರ ವಾದ. ಡಿಪೋದವರು ಅವನನ್ನು ಬಸ್ಸಿನಿಂದ ಇಳಿಸಿ, ಬಸ್ಸು ತೊಳೆಯುವ ಶೆಡ್ಡಿಗೆ ಹಾಕಿದ್ದಾರೆ. ರಕ್ತ, ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವಂತೆ. ಆದರೂ ಮನೆಯಲ್ಲಿ ಗಾಂಜಾ ಇಟ್ಟುಕೊಳ್ಳುವವನಿಗೆ ಸ್ಟೇರಿಂಗ್ ಕೊಡುವಂತಿಲ್ಲ, ಮ್ಯಾನೇಜರನ ಲಿಖಿತ ವರದಿ ಇದೆಯಲ್ಲ ಎನ್ನುತ್ತಾರಂತೆ. ಏಪ್ರಿಲ್ ನಾಲ್ಕಕ್ಕೆ ವಿಚಾರಣೆ. ಅಂದು ವರದಿ ನಿಂತರೆ ಇಪ್ಪತ್ತೆರಡು ವರ್ಷದ ನೌಕರಿ ಹೋಯಿತು, ಜೊತೆಗೆ ಲೈಸೆನ್ಸೂ.

ಅವನು ಮೊನ್ನೆ ಕಚೇರಿಗೆ ಬಂದಿದ್ದ. ಕೂಗಾಡಲಿಲ್ಲ. "ನಾನು ಬೀಡೀನೂ ಸೇದಲ್ಲ. ನೀವು ಎಲ್ಲಿ ನಿಂತು ಮೂಸಿದ್ರಿ, ತೋರಿಸಿ" ಎಂದ. ನಾನು ಕಾಗದಪತ್ರ ಜೋಡಿಸುತ್ತಾ ಕೂತೆ. ಅವನು ಬಾಗಿಲು ಎಳೆದುಕೊಂಡು ಹೋದ.

ನೆಗಡಿಯಾ ಎಂದು ಕೇಳಿದ್ದೀ. ಅಲ್ಲ. ನಿನ್ನ ಅಮ್ಮ ಹೋದ ಮೂರನೇ ವಾರ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗುವವರೆಗೂ ನಾನು ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ಪಕ್ಕದ ಮನೆಯವರು ಬಾಗಿಲು ಬಡಿದರು. ಅವತ್ತಿನಿಂದ ನನಗೆ ಯಾವ ವಾಸನೆಯೂ ಇಲ್ಲ. ಸೋಪಿಲ್ಲ, ಮಣ್ಣಿಲ್ಲ, ಚರಂಡಿ ಇಲ್ಲ. ಯಾರಿಗೂ ಹೇಳಿಲ್ಲ. ಗ್ಯಾಸು ಸೋರಿತೇ, ಒಳಚರಂಡಿ ಕಟ್ಟಿತೇ, ವೈರು ಸುಟ್ಟಿತೇ ಎಂದು ಮೂಗು ತೂರಿಸುವುದೇ ನನ್ನ ಉದ್ಯೋಗ. ಮೂಗಿಲ್ಲ ಎಂದರೆ ಕೆಲಸವೂ ಇಲ್ಲ, ಕೆಲಸದ ಜೊತೆಗೆ ಕೊಟ್ಟಿರುವ ಈ ಮನೆಯೂ ಇಲ್ಲ.

ಇದನ್ನು ಬರೆಯುವಾಗ ಏನಾದರೂ ಅನ್ನಿಸಬೇಕಿತ್ತು. ಅನ್ನಿಸುತ್ತಿಲ್ಲ.

ಅಪ್ಪ


ಮಾರ್ಚ್ 4

ಅಪ್ಪಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಿನ್ನ ಮೂಗಿಗಾಗಿ ಸಂಕಟವಾಯಿತು. ಎರಡನೇ ಸಲ ಸಿಟ್ಟು ಬಂತು. ಇನ್ನೂ ಇಳಿದಿಲ್ಲ, ಆದ್ದರಿಂದ ನೇರವಾಗಿ ಬರೆಯುತ್ತೇನೆ.

ಆ ಮನುಷ್ಯ ಎಲ್ಲರಿಗಿಂತ ಮೊದಲು ನಿನ್ನ ಹತ್ತಿರ ಬಂದ. ನಿನಗೆ ಬಾರದ್ದು ಇಲ್ಲವೇ ಇಲ್ಲ ಎಂದು ಬರೆದೆ. ಆಮೇಲೆ ಮೂರು ಜನ ನಿನ್ನ ಮುಖ ನೋಡಿದರೆಂದು ನಿನಗೆ ಬಾರದ್ದನ್ನೇ ಬಂತು ಎಂದು ಬರೆದೆ. ಎರಡು ಸಲವೂ ಪೆಟ್ಟು ಬಿದ್ದದ್ದು ಅವನಿಗೇ. ನೀನು ಕೆಟ್ಟವನಲ್ಲ ಎಂದು ನನಗೆ ಗೊತ್ತು. ಅವನಿಗೆ ಅದರಿಂದ ಏನು ಉಪಯೋಗ?

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೂ ಇಲ್ಲ. ಅಮ್ಮನ ಸುದ್ದಿ ನನಗೆ ಬಂದದ್ದು ರೇಡಿಯೋದಲ್ಲಿ, ಮಧ್ಯಾಹ್ನದ ಅಂಕಿ ಓದಿ ಮುಗಿಸಿದ ಮೇಲೆ. ಬೆಟ್ಟದ ಕೆಳಗಿನ ಕಚೇರಿಯವನು ಅಂಕಿ ಬರೆದುಕೊಂಡು, "ಒಂದ್ನಿಮಿಷ, ಮನೆಯಿಂದ ಸುದ್ದಿ ಇದೆ" ಎಂದ. ಗುಡ್ಡ ಕುಸಿದು ರಸ್ತೆ ಒಂಬತ್ತು ದಿನ ಮುಚ್ಚಿತ್ತು, ಅದಕ್ಕೇ ಬರಲಾಗಲಿಲ್ಲ ಎಂದು ನಿನಗೆ ಹೇಳಿದ್ದೇನೆ. ಹೇಳದೇ ಇದ್ದದ್ದು ಇದು: ಅವತ್ತು ಮೂರು ಗಂಟೆಗೆ ನಾನು ಹೊರಗೆ ಹೋಗಲಿಲ್ಲ. ಮಂಚದ ಮೇಲೆ ಕೂತು, ಹನ್ನೊಂದೂವರೆ ಡಿಗ್ರಿ ಎಂದು ಬರೆದು ಓದಿದೆ. ಆರು ಗಂಟೆಗೂ ಹೋಗಲಿಲ್ಲ, ಒಂಬತ್ತು ಡಿಗ್ರಿ ಎಂದೆ. ಅಮ್ಮ ಹೋದ ದಿನ ಇಲ್ಲಿ ನಿಜವಾಗಿ ಎಷ್ಟು ಚಳಿಯಿತ್ತೋ ಯಾರಿಗೂ ಗೊತ್ತಿಲ್ಲ. ನಿನ್ನ ಕಾಗದ ಬಂದ ಮೇಲೆ ಆ ಎರಡು ಅಂಕಿ ತೆಗೆದುಹಾಕಿ ಎಂದು ಮುಖ್ಯ ಕಚೇರಿಗೆ ಬರೆದಿದ್ದೇನೆ. ಏನಾಗುತ್ತದೋ ಆಗಲಿ.

ಈಗ ಕೆಲಸದ ಮಾತು. ಹೊಗೆಗೆ ಕಾಲಿಲ್ಲ, ಗಾಳಿ ಕರೆದುಕೊಂಡು ಹೋದ ಕಡೆ ಹೋಗುತ್ತದೆ. ಅವನ ಫ್ಯಾನಿನ ಮುಚ್ಚಳ ಮುರಿದಿದೆ ಎಂದೆಯಲ್ಲ? ತೆಳು ಕಾಗದದ ಪಟ್ಟಿ ಕತ್ತರಿಸಿ ಅಲ್ಲಿ ಅಂಟಿಸು. ಪಟ್ಟಿ ಒಳಕ್ಕೆ ಹಾರಿದರೆ ಗಾಳಿ ಒಳಕ್ಕೆ ಬರುತ್ತಿದೆ. ಯಾವ ಮನೆಯ ಫ್ಯಾನು ಹಾಕಿದಾಗ ಹಾರುತ್ತದೆ ಎಂದು ನೋಡು. ಅದಕ್ಕೆ ಮೂಗು ಬೇಡ, ಕಣ್ಣು ಸಾಕು.

ಮತ್ತೆ, ಡಾಕ್ಟರ ಹತ್ತಿರ ಹೋಗು. ದಮ್ಮಯ್ಯ.

ನಿನ್ನ ಮಗಳು


ಮಾರ್ಚ್ 21

ಮಗಳೇ,

ಡಾಕ್ಟರ ಹತ್ತಿರ ಹೋಗಿದ್ದೆ. ಮೂಗಿಗೆ ಬೆಳಕು ಬಿಟ್ಟು ನೋಡಿ, "ಬಂದ್ರೆ ಬರುತ್ತೆ, ಬರದೇ ಇದ್ರೂ ಇರಬಹುದು" ಎಂದರು. ನನ್ನ ಲಿಫ್ಟಿನ ಬಗ್ಗೆ ನಾನು ಬಾಡಿಗೆಯವರಿಗೆ ಹೇಳುವ ಮಾತೂ ಅದೇ.

ನಿನ್ನ ಪಟ್ಟಿಯ ವಿಷಯ. ಡ್ರೈವರನ ಬಾಗಿಲು ತಟ್ಟಲು ಮೂರು ದಿನ ಬೇಕಾಯಿತು. ತಟ್ಟಿದೆ. "ಇನ್ನೇನು ಮೂಸೋದಿದೆ?" ಎಂದ. "ಮೂಸಲ್ಲ, ನೋಡ್ತೀನಿ" ಎಂದೆ. ಒಳಗೆ ಬಿಟ್ಟ. ಮನೆ ಅಚ್ಚುಕಟ್ಟು. ಯೂನಿಫಾರಂ ಇಸ್ತ್ರಿ ಮಾಡಿ ಗೋಡೆಗೆ ತೂಗುಹಾಕಿದ್ದಾನೆ, ಶೆಡ್ಡಿಗೆ ಅದನ್ನು ಹಾಕಿಕೊಂಡು ಹೋಗುವಂತಿಲ್ಲವಾದರೂ.

ಬಚ್ಚಲುಮನೆಗಳ ಹಿಂದೆ ನೆಲದಿಂದ ಟೆರೇಸಿನವರೆಗೆ ಗಾಳಿ ಹೋಗಲೆಂದು ಒಂದು ಇಕ್ಕಟ್ಟಾದ ಡಕ್ಟ್ ಇದೆ. ಎಲ್ಲ ಮನೆಯ ಫ್ಯಾನುಗಳೂ ಅದರೊಳಕ್ಕೇ ಗಾಳಿ ತಳ್ಳುತ್ತವೆ. ಪಟ್ಟಿ ಅಂಟಿಸಿ ಇಬ್ಬರೂ ಎರಡು ಬಕೆಟ್ ಬೋರಲು ಹಾಕಿಕೊಂಡು ಕೂತೆವು. ಸಂಜೆ ನಾಲ್ಕರ ಸುಮಾರಿಗೆ ಕೆಳಗಿನ ಮನೆಯ ಫ್ಯಾನು ಗುರ್ ಎಂದಿತು. ಪಟ್ಟಿ ಎದ್ದು ನೆಟ್ಟಗೆ ನಮ್ಮ ಕಡೆ ನಿಂತಿತು. ಡ್ರೈವರ್ ಮೂಗು ಅರಳಿಸಿ, "ಬಂತು. ಈಗ ಬಂತು ನೋಡಿ" ಎಂದ. ನನಗೆ ಪಟ್ಟಿ ಮಾತ್ರ ಕಂಡಿತು.

ಕೆಳಗಿಳಿದು ಕನ್ನಡಕದವನ ಬಾಗಿಲು ತಟ್ಟಿದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಮಗು ತೊಟ್ಟಿಲಲ್ಲಿ ಕಿರುಚುತ್ತಿತ್ತು. ಅವನು ಬಚ್ಚಲಿಂದ ಬಂದು, ನನ್ನ ಮುಖ ನೋಡಿದವನೇ ಅಲ್ಲೇ ಗೋಡೆಗೆ ಒರಗಿದ. "ಅದು ಅಳೋದು ನಿಲ್ಸಲ್ಲ ಸಾರ್. ಹತ್ತೇ ಹತ್ತು ನಿಮಿಷ ಒಳಗೆ ಕೂತ್ಕೋತೀನಿ, ಅಷ್ಟೇ" ಎಂದ. ಮತ್ತೆ ಡ್ರೈವರನ ಮೇಲೆ ಯಾಕೆ ದೂರು ಬರೆದೆ ಎಂದೆ. "ಎಲ್ರೂ ಅವನೇ ಅಂತಿದ್ರು. ಒಂಟಿ ಮನುಷ್ಯ, ಅವನಿಗೇನಾಗುತ್ತೆ ಅನ್ಕೊಂಡೆ" ಎಂದ.

ಅವನಿಗೆ ಬಯ್ಯಬೇಕೆಂದು ಬಾಯಿ ತೆರೆದೆ. ಆ ಮಾತು ನನ್ನ ಮನಸ್ಸಿನಲ್ಲೂ ಇತ್ತು, ಸಹಿ ಮಾಡುವಾಗ. ಬಯ್ಯದೆ ಮೆಟ್ಟಿಲಿಳಿದೆ.

ಮಾಲೀಕರಿಗೆ ಡಕ್ಟಿನ ವಿಷಯ, ಕನ್ನಡಕದವನ ವಿಷಯ ಎರಡೂ ಹೇಳಿದೆ. ಅವನಿಗೆ ನೋಟಿಸು ಕೊಡೋಣ, ಮುಚ್ಚಳ ಹಾಕಿಸೋಣ ಎಂದರು. ಡಿಪೋಗೆ ಬರೆಯಿರಿ ಎಂದರೆ ಮಾತ್ರ, "ಮೂಸಿ ನೋಡಿದೆ ಅಂತ ನೀವೇ ಸಹಿ ಹಾಕಿದ್ದೀರಿ. ಈಗ ಇಲ್ಲ ಅಂದ್ರೆ ನನ್ನ ಕಟ್ಟಡದ ಮರ್ಯಾದೆ ಏನಾಗಬೇಕು? ಸುಮ್ನಿದ್ದುಬಿಡಿ, ತಾನಾಗೇ ತಣ್ಣಗಾಗುತ್ತೆ" ಎಂದರು. ನಾನು ವಿಚಾರಣೆಗೆ ಹೋಗಲೇಬೇಕೆಂಬ ಕಡ್ಡಾಯವಿಲ್ಲ. ಕಾಗದವೇ ಸಾಕಂತೆ.

ನಾಲ್ಕನೇ ತಾರೀಖಿಗೆ ಇನ್ನು ಎರಡು ವಾರ. ದಿನವೂ ಬೆಳಿಗ್ಗೆ ಎದ್ದು ಹೋಗುತ್ತೇನೆ ಎಂದುಕೊಳ್ಳುತ್ತೇನೆ, ಸಂಜೆ ಇಲ್ಲ ಎಂದುಕೊಳ್ಳುತ್ತೇನೆ. ಎರಡಕ್ಕೂ ಒಳಗೆ ಏನೂ ಅಲುಗುವುದಿಲ್ಲ.

ಅಪ್ಪ


ಏಪ್ರಿಲ್ 2

ಅಪ್ಪಾ,

ಗಾಡಿ ಹೊರಡುತ್ತಿದೆ, ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಇದು ನಿನ್ನ ಕೈಗೆ ಸಿಗುವ ಹೊತ್ತಿಗೆ ನಾಲ್ಕನೇ ತಾರೀಖು ಕಳೆದಿರುತ್ತದೆ. ಹೋಗು ಎಂದು ಬರೆದರೂ ಒಂದೇ, ಬರೆಯದಿದ್ದರೂ ಒಂದೇ.

ನನಗೆ ಮುಖ್ಯ ಕಚೇರಿಯಿಂದ ಛೀಮಾರಿ ಕಾಗದ ಬಂತು. ಒಂದು ಪುಟ. ಓದಿ ಮಡಿಸಿಟ್ಟೆ. ಆ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಬಂತು.

ನಿನ್ನ ಮಗಳು


ಏಪ್ರಿಲ್ 14

ಮಗಳೇ,

ಹೋದೆ.

ಡಿಪೋ ಸೂಪರಿಂಟೆಂಡೆಂಟರ ಕೋಣೆ. ಒಂದು ಮೇಜು, ಗೋಡೆ ತುಂಬ ರೂಟುಗಳ ಪಟ್ಟಿ. ಡ್ರೈವರ್ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಬಂದಿದ್ದ. ನನ್ನನ್ನು ಕಂಡವನೇ ತಲೆ ತಗ್ಗಿಸಿದ, ವರದಿಯನ್ನು ಗಟ್ಟಿ ಮಾಡಲು ಬಂದಿದ್ದೇನೆ ಎಂದುಕೊಂಡಿರಬೇಕು.

ಡಕ್ಟಿನ ವಿಷಯ ಹೇಳಿದೆ. ಸೂಪರಿಂಟೆಂಡೆಂಟರು ವರದಿಯನ್ನು ನನ್ನ ಕಡೆ ತಿರುಗಿಸಿ, "ಖುದ್ದಾಗಿ ಮೂಸಿ ನೋಡಿದ್ದೇನೆ ಅಂತ ಬರೆದಿದ್ದೀರಲ್ಲ, ಇದು ಸುಳ್ಳಾ?" ಎಂದರು. ಸುಳ್ಳು ಎಂದೆ. "ಯಾರಾದ್ರೂ ಹೆದರಿಸಿದ್ರಾ? ಅಥವಾ ಈಗ ಇವನು ಕೈಕಾಲು ಹಿಡಿದನಾ?" ಎಂದರು. ನನಗೆ ಒಂದೂವರೆ ವರ್ಷದಿಂದ ಯಾವ ವಾಸನೆಯೂ ಬರುವುದಿಲ್ಲ ಎಂದೆ. ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ, ಹೊರಗೆ ಟೈಪಿಂಗ್ ನಿಂತಿತು.

ಅವರು ನಂಬಲಿಲ್ಲ. ನಂಬದೇ ಇದ್ದದ್ದು ಸರಿಯೇ. ವರ್ಕ್‌ಶಾಪಿನಿಂದ ಎರಡು ಲೋಟ ತರಿಸಿದರು. ಕಣ್ಣು ಮುಚ್ಚಿ ಎಂದರು, ಮುಚ್ಚಿದೆ. ಒಂದೊಂದಾಗಿ ಮೂಗಿಗೆ ಹಿಡಿದರು. "ನೀರು ಯಾವುದು, ಡೀಸೆಲ್ ಯಾವುದು?" ನಾನು ನಿಜವಾಗಿಯೂ ಪ್ರಯತ್ನಪಟ್ಟೆ. ಪರೀಕ್ಷೆಯಲ್ಲಿ ಫೇಲಾಗಲೆಂದೇ ಬಂದಿದ್ದವನು, ಲೋಟ ಮೂಗಿಗೆ ಬಂದಾಗ ದೇವರೇ ಒಂದಿಷ್ಟಾದರೂ ಬರಲಿ ಎಂದುಕೊಂಡೆ. ಬರಲಿಲ್ಲ. "ಗೊತ್ತಾಗ್ತಿಲ್ಲ ಸಾರ್" ಎಂದೆ. ಮೂರು ಸಲ ಅದಲು ಬದಲು ಮಾಡಿ ಹಿಡಿದರು. ಮೂರು ಸಲವೂ ಅದನ್ನೇ ಹೇಳಿದೆ. ನಾಚಿಕೆಯಾಯಿತು ಮಗಳೇ. ಇಷ್ಟು ದಿನದಲ್ಲಿ ಮೊದಲ ಸಲ ಏನೋ ಒಂದು ಆಯಿತು, ಅದು ನಾಚಿಕೆ.

ವರದಿಯ ಮೇಲೆ ಅಡ್ಡಗೀಟು ಹಾಕಿದರು. ಸೋಮವಾರದಿಂದ ಡ್ರೈವರ್ ಬಸ್ಸಿನ ಮೇಲೆ.

ಹೊರಗೆ ಬಂದಾಗ ಅವನು ನಿಂತಿದ್ದ. ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? "ನಾನು ನವೆಂಬರ್‌ನಲ್ಲಿ ಬಂದಾಗ್ಲೇ ನನಗೆ ಮೂಗಿಲ್ಲಪ್ಪ ಅಂದಿದ್ರೆ ಮುಗೀತಿತ್ತು. ನಾನೇನು ಊರಿಗೆಲ್ಲ ಡಂಗುರ ಹೊಡೀತಿದ್ನಾ?" ಎಂದ. ಆಮೇಲೆ ಜೇಬಿನಿಂದ ಒಂದು ಬಟ್ಟೆ ತೆಗೆದು ಕೊಟ್ಟು, "ಮೀಸೆಗೆ ಡೀಸೆಲ್ ಮೆತ್ತಿದೆ, ಒರೆಸ್ಕೊಳ್ಳಿ. ಬಸ್ಸಲ್ಲಿ ಪಕ್ಕದಲ್ಲಿ ಯಾರೂ ಕೂರಲ್ಲ" ಎಂದ.

ಮಾಲೀಕರು ಸಂಜೆಯೇ ಬಂದರು. ಸಿಟ್ಟು ಮಾಡಲಿಲ್ಲ. "ಒಂದೂವರೆ ವರ್ಷ ಹದಿನಾರು ಮನೆ ಗ್ಯಾಸು ನಿಮ್ಮ ಮೇಲೆ ಬಿಟ್ಟಿದ್ದೆ" ಎಂದರು. ಮುಂದಿನ ತಿಂಗಳ ಕೊನೆಗೆ ಮನೆ ಬಿಡಬೇಕು.

ಸಾಮಾನು ಕಟ್ಟುತ್ತಿದ್ದೇನೆ. ಪಾತ್ರೆ, ಪುಸ್ತಕ ಎಲ್ಲ ಸಲೀಸಾಗಿ ಪೆಟ್ಟಿಗೆಗೆ ಹೋದವು. ನಿನ್ನ ಅಮ್ಮನ ಕಪಾಟು ಉಳಿದಿತ್ತು. ಅವಳು ಹೋದ ಮೇಲೆ ಅದನ್ನು ನಾನು ತೆರೆದೇ ಇಲ್ಲ. ಮೊದಲ ಎರಡು ವಾರ ಧೈರ್ಯ ಇರಲಿಲ್ಲ, ಮೂರನೇ ವಾರದಿಂದ ಮೂಗು ಇರಲಿಲ್ಲ. ನಿನ್ನೆ ತೆರೆದೆ. ಒಂದೊಂದೇ ಬಟ್ಟೆ ಮುಖಕ್ಕೆ ಒತ್ತಿಕೊಂಡೆ. ಬಟ್ಟೆ ಮೆತ್ತಗಿದೆ ಎಂದು ಗೊತ್ತಾಯಿತು, ಅಷ್ಟೇ. ಅವಳು ಅದರಲ್ಲಿ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು, ಎದುರಿನ ಗೋಡೆಯ ಬಿಸಿಲು ಹೋಗಿಬಿಟ್ಟಿತ್ತು.

ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೋಗದಂತೆ ಬಾಯಿ ಬಿಗಿದು, ಈ ಗಾಡಿಯಲ್ಲೇ ಕಳಿಸುತ್ತಿದ್ದೇನೆ. ನೀನು ಬಿಚ್ಚಿ ನೋಡು. ಏನಿದೆಯೋ ಅದನ್ನು ಬರೆ.

ಅಪ್ಪ


ಮೇ 3

ಅಪ್ಪಾ,

ಚೀಲ ಬಂತು. ಎರಡು ದಿನ ಹಾಗೇ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಅಡುಗೆಯವನನ್ನು ಹೊರಗೆ ಕಳಿಸಿ, ಒಲೆ ಆರಿಸಿ, ಕಿಟಕಿ ಮುಚ್ಚಿ ಬಿಚ್ಚಿದೆ.

ಒಟ್ಟು ಹನ್ನೊಂದು ಬಟ್ಟೆ. ಮೇಲಿನ ಏಳರಲ್ಲಿ ಕಪಾಟಿನ ವಾಸನೆ, ಮರದ್ದು. ಹಸಿರು ಶಾಲಿನಲ್ಲಿ ಸೋಪಿನದು ಮಾತ್ರ, ಒಗೆದು ಇಟ್ಟಿರಬೇಕು. ಎರಡರಲ್ಲಿ ಏನೂ ಇಲ್ಲ.

ಅಡಿಯಲ್ಲಿದ್ದ ಬೂದು ಬಣ್ಣದ ಸ್ವೆಟರ್, ಮೊಣಕೈ ಹತ್ತಿರ ತೇಪೆ ಹಾಕಿದ್ದು, ಅದರ ಕುತ್ತಿಗೆಯ ಎಡಭಾಗದಲ್ಲಿ, ಅಂಗೈ ಅಗಲದಷ್ಟು ಜಾಗದಲ್ಲಿ ಅಮ್ಮ ಇದ್ದಾಳೆ. ತಲೆಗೆ ಹಚ್ಚುತ್ತಿದ್ದ ಎಣ್ಣೆ, ಸ್ವಲ್ಪ ಬೆವರು, ಮತ್ತೆ ಅವಳದೇ ಆದ ಇನ್ನೊಂದು, ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ನಿನಗೆ ಗೊತ್ತಿರುವುದೇ ಅದು.

ಒಂದೇ ಸಲ ಮೂಸಿದೆ ಅಪ್ಪಾ. ಇನ್ನೊಮ್ಮೆ ಮೂಸಬೇಕು ಎನ್ನಿಸಿತು, ತೀರಿಹೋದೀತು ಎಂದು ಹೆದರಿ ತಕ್ಷಣ ಸುತ್ತಿ ಕಟ್ಟಿಟ್ಟೆ. ಆಮೇಲೆ ನಾನೂ ಅತ್ತೆ. ಒಂಬತ್ತು ಗಂಟೆಯ ಅಂಕಿ ತಪ್ಪಿತು.

ಹದಿನೇಳರ ಗಾಡಿಗೆ ಬಾ. ನನ್ನ ಕೋಣೆಯಲ್ಲಿ ಎರಡನೇ ಮಂಚ ಹಾಕಿಸಿದ್ದೇನೆ. ಸ್ವೆಟರ್ ನಿನ್ನ ದಿಂಬಿನ ಪಕ್ಕದಲ್ಲೇ ಇರುತ್ತದೆ. ನಿನಗೆ ವಾಸನೆ ಬರುವ ದಿನ ಬರಲಿ, ಅಲ್ಲಿಯವರೆಗೆ ಕಟ್ಟು ಬಿಚ್ಚುವುದಿಲ್ಲ.

ನಿನ್ನ ಮಗಳು